ಮಲಬದ್ಧತೆ: ಮನಸ್ಸನ್ನೂ ಕೇಳಬೇಕಾದ ಕಾಯಿಲೆ

ಹೊಟ್ಟೆ ಸರಿಯಾಗಿ ಹೋಗುತ್ತಿಲ್ಲ ಎಂದು ಹೇಳಿಕೊಳ್ಳಲು ನಮ್ಮಲ್ಲಿ ಸಂಕೋಚ. ಮನಸ್ಸು ಸರಿಯಿಲ್ಲ ಎನ್ನಲು ಅದಕ್ಕೂ ಹೆಚ್ಚು. ಈ ಎರಡೂ ಒಬ್ಬರಲ್ಲೇ ಸೇರಿದಾಗ ಔಷಧ ಅಂಗಡಿಯ ಭೇದಿ ಮಾತ್ರೆಯೇ ವರ್ಷಗಟ್ಟಲೆ ಚಿಕಿತ್ಸೆಯಾಗಿಬಿಡುತ್ತದೆ. ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ಆರೋಗ್ಯ ಕೇಂದ್ರಗಳು ಈ ಪರಿಪಾಟವನ್ನು ಮುರಿಯಬಲ್ಲವು. ಅದಕ್ಕೆ ಬೇಕಾದ ಮಾದರಿ ಹುಟ್ಟಿದ್ದೂ ಈ ನೆಲದಲ್ಲೇ.

ವಾರಕ್ಕೆ ಮೂರು ಬಾರಿಗಿಂತ ಕಡಿಮೆ ಮಲವಿಸರ್ಜನೆ, ತಿಣುಕಾಟ, ಗಟ್ಟಿ ಮಲ, ಹೋಗಿ ಬಂದರೂ ಪೂರ್ತಿಯಾಗಲಿಲ್ಲ ಎಂಬ ಕಿರಿಕಿರಿ. ಇಂಥ ತೊಂದರೆಗಳು ತಿಂಗಳುಗಟ್ಟಲೆ ಕಾಡಿದರೆ ಅದು ದೀರ್ಘಕಾಲದ ಮಲಬದ್ಧತೆ. ಹೀಗೆ ನರಳುವವರಲ್ಲಿ ಆತಂಕ, ಖಿನ್ನತೆ ಉಳಿದವರಿಗಿಂತ ಹೆಚ್ಚು ಎಂಬುದನ್ನು ವೈದ್ಯಲೋಕ ಗುರುತಿಸಿದೆ. ಕರುಳಿನ ಗೋಡೆಯಲ್ಲಿರುವ ಕೋಟ್ಯಂತರ ನರಕೋಶಗಳು ವೇಗಸ್ ನರದ ಮೂಲಕ ಮಿದುಳಿನೊಡನೆ ಸದಾ ಸಂಪರ್ಕದಲ್ಲಿರುತ್ತವೆ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ 90ರಷ್ಟು ತಯಾರಾಗುವುದು ಕರುಳಿನಲ್ಲಿ. ಅಲ್ಲಿ ಅದರ ಮುಖ್ಯ ಕೆಲಸ ಕರುಳಿನ ಚಲನೆಯನ್ನು ನಡೆಸುವುದು. ಆತಂಕದಲ್ಲಿರುವವರಿಗೆ ಗುದದ್ವಾರದ ಸುತ್ತಲಿನ ಸ್ನಾಯುಗಳು ಸಡಿಲವಾಗಬೇಕಾದ ಹೊತ್ತಿಗೆ ಬಿಗಿಯಬಹುದು. ಖಿನ್ನತೆಯಲ್ಲಿ ಊಟ, ನೀರು, ಓಡಾಟ ಮೂರೂ ತಗ್ಗಬಹುದು. ಇತ್ತ ದಿನವಿಡೀ ಹೊಟ್ಟೆಯದೇ ಚಿಂತೆಯಾದಾಗ ನಿದ್ದೆ ಕೆಡುತ್ತದೆ, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ.

ಔಷಧಗಳ ಪಾಲೂ ಇದೆ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಗಳು ಮಲವನ್ನು ಕಟ್ಟುತ್ತವೆ. ಗರ್ಭಿಣಿಯರಿಗೆ, ರಕ್ತಹೀನತೆಯವರಿಗೆ ಕೊಡುವ ಕಬ್ಬಿಣದ ಮಾತ್ರೆಯೂ ಹಾಗೆಯೇ. ಮುಂಚೆಯೇ ಹೇಳಿ ಪರಿಹಾರ ಸೂಚಿಸದಿದ್ದರೆ ಜನ ಮಾತ್ರೆಯನ್ನೇ ಬಿಡುತ್ತಾರೆ. ಮೂಲ ಕಾಯಿಲೆ ಹಾಗೇ ಉಳಿಯುತ್ತದೆ.

ಮಲಬದ್ಧತೆಯನ್ನು ಆಹಾರದ ದೋಷ ಎಂದಷ್ಟೇ ನೋಡುವುದು ಅನ್ಯಾಯ. ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಮಾಡುವ ಹೆಣ್ಣಾಳುಗಳಿಗೆ ಹತ್ತಿರದಲ್ಲಿ ಶೌಚಾಲಯವಿಲ್ಲದಿದ್ದರೆ ಅವರು ನೀರು ಕಡಿಮೆ ಕುಡಿದು, ಒತ್ತಡ ಬಂದರೂ ತಡೆದುಕೊಳ್ಳಬೇಕಾಗುತ್ತದೆ. ಸಂಡೂರಿನ ಅದಿರು ಲಾರಿ ಚಾಲಕರಿಗೂ, ಹಂಪಿಯ ಬಿಸಿಲಲ್ಲಿ ವ್ಯಾಪಾರ ಮಾಡುವವರಿಗೂ ಸಮಯಕ್ಕೆ ಸರಿಯಾಗಿ ಹೋಗುವ ಅನುಕೂಲ ಇರುವುದಿಲ್ಲ. ಒತ್ತಡ ಬಂದಾಗಲೆಲ್ಲ ತಡೆಯುತ್ತ ಹೋದರೆ ಕರುಳು ಆ ಕರೆಯನ್ನೇ ಮಂದಗೊಳಿಸುತ್ತದೆ. ಜೋಳದ ರೊಟ್ಟಿ, ಕಾಳುಪಲ್ಯದ ಜಾಗವನ್ನು ಪಾಲಿಶ್ ಮಾಡಿದ ಬಿಳಿ ಅನ್ನ ಹಿಡಿದಷ್ಟೂ ನಾರಿನಂಶವೂ ಕಡಿಮೆಯಾಗುತ್ತದೆ.

ಮೊದಲು ಹೇಳಿದ ಮಾದರಿಯ ಕಥೆ ಹೀಗಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದರ ಆಧಾರದ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆ ಪರಂಪರೆಗೆ ಎರಡೂ ಜಿಲ್ಲೆಗಳು ವಾರಸುದಾರರು.

ಆ ಮಾದರಿ ಈಗ ಒಂದು ಹೆಜ್ಜೆ ಮುಂದೆ ಹೋಗಬೇಕು. ಮಲಬದ್ಧತೆ ಎಂದು ಪದೇಪದೇ ಬರುವವರ ನಿದ್ದೆ, ಬೇಸರ, ಭಯದ ಬಗ್ಗೆ ವೈದ್ಯರು ವಿಚಾರಿಸಬೇಕು. ಮಾನಸಿಕ ಕಾಯಿಲೆಗೆ ಔಷಧ ಪಡೆಯುವವರನ್ನು ಪ್ರತಿ ಭೇಟಿಯಲ್ಲೂ ಮಲವಿಸರ್ಜನೆಯ ಬಗ್ಗೆ ಕೇಳಬೇಕು. ಹೆಣ್ಣುಮಕ್ಕಳು ಆಶಾ ಕಾರ್ಯಕರ್ತೆಯರ ಬಳಿ ಇದನ್ನೆಲ್ಲ ಮುಜುಗರವಿಲ್ಲದೆ ಹೇಳಿಕೊಳ್ಳುವಂತಾಗಬೇಕು. ಗಣಿ, ಗದ್ದೆ, ಪ್ರವಾಸಿ ತಾಣಗಳ ಬಳಿ ನೀರಿರುವ ಶೌಚಾಲಯ ಕಟ್ಟಿಸುವುದನ್ನೂ ಆರೋಗ್ಯ ಸೇವೆಯೆಂದೇ ಪರಿಗಣಿಸಬೇಕು.

ಓದುಗರಲ್ಲಿ ಒಂದು ಮನವಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಜೊತೆಗೆ ಮನಸ್ಸೂ ಕುಗ್ಗಿದ್ದರೆ ಅದನ್ನು ಮುಚ್ಚಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.