ತೋಟ ಅಡವಿಟ್ಟು ಡಿಗ್ರಿ ಕೊಳ್ಳಬೇಕೆ?

ಮೊನ್ನೆ ಸೊಸೈಟಿಯ ಜಗಲಿಯಲ್ಲಿ ನೆರೆಮನೆಯವರು ಸಿಕ್ಕಿದರು. "ಮಗನಿಗೆ ಕಂಪ್ಯೂಟರ್ ಇಂಜಿನಿಯರಿಂಗ್ ಸೀಟು ಉಂಟು ಮಾರಾಯ್ರೇ, ಆದ್ರೆ ಮ್ಯಾನೇಜ್‌ಮೆಂಟಿನದ್ದು. ಮೇಲಿನ ಒಂದೆಕ್ರೆ ಕೊಟ್ಟುಬಿಡುವ ಅಂತ ಇದ್ದೇನೆ. ನೀವೆಂತ ಹೇಳ್ತೀರಿ?" ಅಂದರು.

ಈ ಪ್ರಶ್ನೆ ನನಗೆ ಹೊಸತಲ್ಲ. 2021ರಲ್ಲಿ ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ಮಗಳಿಗೆ ಸಿಇಟಿಯಲ್ಲಿ ಬಂದ ರ‍್ಯಾಂಕಿಗೆ ಸರಕಾರಿ ಸೀಟು ಸಿಗುವ ಹಾಗಿರಲಿಲ್ಲ. ಖಾಸಗಿಗೆ ಕಟ್ಟಬೇಕಾದರೆ ತೋಟದ ಮೇಲೆ ಸಾಲ ಎತ್ತಬೇಕು. ನಾನು ತಯಾರಿದ್ದೆ. ಬೇಡ ಅಂದವಳು ಮಗಳೇ. "ಅಪ್ಪ, ಮನೆಯಲ್ಲೇ ಕೂತು ಓದುವಂಥದ್ದು ಒಂದುಂಟು, ನೋಡುವನಾ?" ಅಂದಳು.

ಅದು ಮದ್ರಾಸಿನ ಐಐಟಿ 2020ರಲ್ಲಿ ಶುರು ಮಾಡಿದ ಪದವಿ. ಹೆಸರಲ್ಲಿ ಡೇಟಾ ಸೈನ್ಸ್ ಇದ್ದರೂ ಕಲಿಸುವುದರಲ್ಲಿ ದೊಡ್ಡ ಪಾಲು ಪ್ರೋಗ್ರಾಮಿಂಗ್. ಜೆಇಇ ಬೇಕಿಲ್ಲ, ವಯಸ್ಸಿನ ಮಿತಿ ಇಲ್ಲ. ಪಿಯುಸಿ ಪಾಸಾಗಿರಬೇಕು, ಹತ್ತನೆಯಲ್ಲಿ ಗಣಿತ, ಇಂಗ್ಲಿಷ್ ಓದಿರಬೇಕು. ಮೊದಲು ನಾಲ್ಕು ವಾರ ಪಾಠ ಕಲಿಸಿ, ಆ ಪಾಠದ ಮೇಲೆಯೇ ಪರೀಕ್ಷೆ ಇಡುತ್ತಾರೆ. ಪಾಸಾದವರಿಗೆಲ್ಲ ಪ್ರವೇಶ.

ಹಂತ ಹಂತದ ಮೆಟ್ಟಿಲು

ನನಗೆ ಹಿಡಿಸಿದ್ದು ಅದರ ಕಟ್ಟೋಣ. ಮೊದಲು ಫೌಂಡೇಶನ್, ಎಂಟು ವಿಷಯ. ಅದರ ಮೇಲೆ ಪ್ರೋಗ್ರಾಮಿಂಗಿನಲ್ಲೊಂದು, ಡೇಟಾ ಸೈನ್ಸಿನಲ್ಲೊಂದು ಡಿಪ್ಲೊಮಾ. ಆಮೇಲೆ ಬಿ.ಎಸ್ಸಿ., ಕೊನೆಗೆ ನಾಲ್ಕು ವರ್ಷದ ಬಿ.ಎಸ್. ಯಾವ ಮೆಟ್ಟಿಲಲ್ಲಿ ನಿಂತರೂ ಆ ಹಂತದ ಸರ್ಟಿಫಿಕೇಟು ಕೈಯಲ್ಲಿರುತ್ತದೆ. ವರ್ಷಕ್ಕೆ ಮೂರು ಅವಧಿ: ಜನವರಿ, ಮೇ, ಸಪ್ಟೆಂಬರ್. ತೆಗೆದುಕೊಂಡ ವಿಷಯಕ್ಕೆ ಮಾತ್ರ ಶುಲ್ಕ. ಕುಟುಂಬದ ವರಮಾನ ಮತ್ತು ವರ್ಗ ನೋಡಿ ಶೇಕಡಾ 75ರ ವರೆಗೂ ರಿಯಾಯಿತಿ ಉಂಟು. ಪಾಠ ಮನೆಯಲ್ಲಿ, ಮುಖ್ಯ ಪರೀಕ್ಷೆ ಮಾತ್ರ ಪಟ್ಟಣದ ಕೇಂದ್ರಕ್ಕೆ ಹೋಗಿ ಬರೆಯಬೇಕು.

ಕೃಷಿಕರ ಮನೆಗೆ ಇದು ಹೇಗೆ ಹೊಂದಿತು ನೋಡಿ. ಮೇ ಕೊನೆಗೆ ಬೋರ್ಡೋ ಬಿಡುವ ಗಡಿಬಿಡಿ, ಜೂನಿನಲ್ಲಿ ಕರೆಂಟು ಇಲ್ಲ, ನೆಟ್ಟೂ ಇಲ್ಲ. ಮೊದಲ ವರ್ಷ ಹಠದಲ್ಲಿ ಮೂರು ವಿಷಯ ಹಿಡಿದು ಅಸೈನ್‌ಮೆಂಟಿನ ಗಡುವು ತಪ್ಪಿ, ಸ್ಟ್ಯಾಟಿಸ್ಟಿಕ್ಸಿನಲ್ಲಿ ಫೇಲಾದಳು. ಪುನಃ ದುಡ್ಡು ಕಟ್ಟಬೇಕಾಯಿತು. ಆ ಮೇಲೆ ಮಳೆಗಾಲದ ಅವಧಿಗೆ ಒಂದೇ ವಿಷಯ, ಜನವರಿಗೆ ಮೂರು ಅಂತ ಲೆಕ್ಕ ಮಾಡಿಕೊಂಡಳು. ಕೊಯ್ಲಿಗೂ ಒದಗಿದಳು, ಓದೂ ನಡೆಯಿತು.

ಕೆಲಸ ಕೊಟ್ಟದ್ದು ಯಾವುದು?

ಇಲ್ಲಿ ಹಲವರಿಗೆ ತಪ್ಪು ಕಲ್ಪನೆ ಉಂಟು. ಡಿಗ್ರಿ ಆದ ಕೂಡಲೇ ಸಾಫ್ಟ್‌ವೇರ್ ಕಂಪೆನಿ ಕರೆದು ಕೆಲಸ ಕೊಡುವುದಿಲ್ಲ. ಪೈತಾನ್ ಕಲಿಯುವುದು, ಡೇಟಾಬೇಸ್ ಕಲಿಯುವುದು ಇವೆಲ್ಲ ಗುಂಡಿ ತೋಡಿದ ಹಾಗೆ. ಗಿಡ ನೆಡುವುದು ಆಮೇಲೆ.

ಮಗಳು ಕಲಿತ ವಿದ್ಯೆಯಲ್ಲಿ ನಮ್ಮ ತೋಟದ ಕೂಲಿ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದಳು. ಯಾರು ಎಷ್ಟು ದಿನ ಬಂದರು, ಮುಂಗಡ ಎಷ್ಟು, ಬಾಕಿ ಎಷ್ಟು ಅಂತ ಮೊಬೈಲಿನಲ್ಲೇ ಸಿಗುತ್ತದೆ. ಮೊದಲ ಡಿಪ್ಲೊಮಾ ಮುಗಿದಾಗ ಮಂಗಳೂರಿನ ಸಣ್ಣ ಕಂಪೆನಿಯೊಂದಕ್ಕೆ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕಿದಳು. ಅವರು ಅಂಕಪಟ್ಟಿ ಮೇಲಿಂದ ಮೇಲೆ ನೋಡಿ ಬದಿಗಿಟ್ಟರಂತೆ. ಮುಕ್ಕಾಲು ಗಂಟೆ ಕೇಳಿದ್ದು ಈ ಕೂಲಿ ಲೆಕ್ಕದ ಬಗ್ಗೆಯೇ. "ಒಂದೇ ಹೆಸರಿನ ಇಬ್ಬರಿದ್ದರೆ ಏನು ಮಾಡ್ತೀರಿ? ಒಬ್ಬರ ಹೆಸರು ಅಳಿಸಿದರೆ ಹಳೆಯ ಬಾಕಿ ಎಲ್ಲಿಗೆ ಹೋಗ್ತದೆ?" ನಮ್ಮಲ್ಲಿ ಒಂದೇ ಹೆಸರಿನವರು ನಿಜವಾಗಿ ಇಬ್ಬರಿದ್ದಾರೆ. ಉತ್ತರ ಅವಳಿಗೆ ಬಾಯಿಪಾಠ ಮಾಡಬೇಕಾಗಿರಲಿಲ್ಲ. ಆರು ತಿಂಗಳು ಟೆಸ್ಟಿಂಗ್ ಅಂದರೆ ಬೇರೆಯವರ ಪ್ರೋಗ್ರಾಮಿನ ತಪ್ಪು ಹುಡುಕುವ ಕೆಲಸ. ಆಮೇಲೆ ಕಾಯಂ ಮಾಡಿಕೊಂಡು ಕೋಡ್ ಬರೆಯಲು ಕೊಟ್ಟರು. ಬಿ.ಎಸ್ಸಿ. ಇನ್ನೂ ಮುಗಿದಿಲ್ಲ. ಸಂಬಳದಲ್ಲಿ ಅವಳೇ ಶುಲ್ಕ ಕಟ್ಟಿಕೊಳ್ಳುತ್ತಾಳೆ.

ಕಷ್ಟಗಳನ್ನೂ ಹೇಳಬೇಕು

ಇದು ಸುಲಭದ ದಾರಿ ಎಂದು ಯಾರೂ ತಿಳಿಯಬಾರದು. ಎದುರಿಗೆ ಮೇಷ್ಟ್ರಿಲ್ಲ, ಬಯ್ಯುವವರಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಆರು ತಿಂಗಳು ಇಂಗ್ಲಿಷ್ ಪಾಠ ತಲೆಗೆ ಹತ್ತುವುದು ಕಷ್ಟ. ಊರ ಕಾಲೇಜಿನ ಹಾಗೆ ಗೆಳೆಯರ ಬಳಗ ಇಲ್ಲ. ಮಗಳು ಎಷ್ಟೋ ಸಂಜೆ ಮಂಕಾಗಿ ಕೂತದ್ದನ್ನು ನಾನು ನೋಡಿದ್ದೇನೆ. ಈಗ ಯಂತ್ರವೇ ಕೋಡ್ ಬರೆದು ಕೊಡುವ ಕಾಲ. ಬರೀ ನಕಲು ಮಾಡಲು ಬರುವವರಿಗೆ ಕೆಲಸ ಸಿಗುವುದು ಇನ್ನೂ ಕಷ್ಟ ಅಂತ ಅವಳೇ ಹೇಳುತ್ತಾಳೆ.

ಇನ್ನೊಂದು ಎಚ್ಚರ. ಮನೆಯಲ್ಲೇ ಪದವಿ ಅಂತ ಜಾಹೀರಾತು ಕಂಡ ಕೂಡಲೇ ದುಡ್ಡು ಕಟ್ಟಬೇಡಿ. ಮಾನ್ಯತೆ ಇರುವ ಸಂಸ್ಥೆಯ ದೂರ ಶಿಕ್ಷಣ ಮತ್ತು ಆನ್‌ಲೈನ್ ಪದವಿ ಕಾಲೇಜು ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಆ ಮಾನ್ಯತೆ ನೀವು ಸೇರುವ ವರ್ಷಕ್ಕೆ ಇದೆಯೇ ಎಂದು ನೋಡಲೇಬೇಕು. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯವೇ 2013-14ರಿಂದ ಮಾನ್ಯತೆಯಿಲ್ಲದೆ ಉಳಿದು, ಮರಳಿ ಪಡೆದದ್ದು 2018ರಲ್ಲಿ. ಐಐಟಿಯ ಗಣಿತ ಭಾರ ಎನಿಸಿದವರಿಗೆ ಇಗ್ನೋದ ಬಿಸಿಎ ಉಂಟು; ಕನಿಷ್ಠ ಮೂರು ವರ್ಷ, ಆರು ವರ್ಷದ ವರೆಗೂ ಎಳೆಯಬಹುದು.

ನೆರೆಮನೆಯವರಿಗೆ ನಾನು ಹೇಳಿದ್ದು ಇಷ್ಟೇ: "ಹೊಸ ತಳಿಯನ್ನು ಎಕ್ರೆಗಟ್ಟಲೆ ಹಾಕುವ ಮೊದಲು ನಾಲ್ಕು ಗಿಡ ನೆಟ್ಟು ನೋಡ್ತೇವಲ್ಲ? ಮಗನನ್ನೂ ಆ ನಾಲ್ಕು ವಾರದ ಪಾಠಕ್ಕೆ ಕೂರಿಸಿ. ಕೂತರೆ ಮುಂದೆ ಹೋಗಲಿ. ಕೂರದಿದ್ದರೆ ಹೋಗುವುದು ಅರ್ಜಿಯ ದುಡ್ಡು ಮಾತ್ರ, ಜಾಗ ಹೋಗುವುದಿಲ್ಲ."

ಮಗಳು ಮುಂದೆ ತೋಟಕ್ಕೆ ಬರುತ್ತಾಳಾ ಅಂತ ಹಲವರು ಕೇಳುತ್ತಾರೆ. ಬರಲೂಬಹುದು, ಬಾರದಿರಲೂಬಹುದು. ಬರಬೇಕೆಂದು ಅವಳಿಗೆ ಅನಿಸಿದ ದಿನ ಬರುವುದಕ್ಕೆ ತೋಟವೊಂದು ಉಳಿದಿದೆ. ನನಗೆ ಅಷ್ಟು ಸಾಕು.

ಮಕ್ಕಳನ್ನು ಈ ದಾರಿಯಲ್ಲಿ ಕಳಿಸಿದ ಬೇರೆ ಕೃಷಿಕರೂ ಇರಬಹುದು. ಗೆದ್ದದ್ದನ್ನೂ ಸೋತದ್ದನ್ನೂ ಬರೆಯಿರಿ. ಸೀಟಿಗಾಗಿ ಜಾಗ ಮಾರಲು ಹೊರಟ ಇನ್ನೊಬ್ಬರಿಗೆ ಉಪಯೋಗವಾದೀತು.