ಗೃಹಸ್ಥರಿಗೆ ಸೂಚನೆ: ಗೇರ್‌ಬಾಕ್ಸಿನ ಎಣ್ಣೆ

ತಾನಾಗಿಯೇ ಗೇರು ಬದಲಾಯಿಸುವ ಮೋಟಾರುಗಳು ಈಗ ನಮ್ಮ ಅನೇಕ ವಾಚಕರ ಮನೆಗಳಲ್ಲಿವೆ. ಟಾರ್ಕ್ ಕನ್ವರ್ಟರುಳ್ಳ ಇಂತಹ ಗಾಡಿಯ ಗೇರ್‌ಬಾಕ್ಸಿನ ಎಣ್ಣೆಯನ್ನು ಮನೆಯಲ್ಲಿಯೇ ಬದಲಾಯಿಸಬಹುದೆ, ಗ್ಯಾರೇಜಿಗೇ ಒಯ್ಯಬೇಕೆ ಎಂಬುದನ್ನು ಇಲ್ಲಿ ವಿಚಾರಿಸುವೆವು.

ಈ ಎಣ್ಣೆಯು ಸವೆತವನ್ನು ತಡೆಯುವುದಷ್ಟೇ ಅಲ್ಲದೆ, ಎಂಜಿನ್ನಿನ ಬಲವನ್ನು ಸಾಗಿಸಿ, ಕ್ಲಚ್ಚುಗಳನ್ನು ಒತ್ತಿಹಿಡಿಯುವುದು. ಜಾತಿ ತಪ್ಪಿದರೂ ಅಳತೆ ತಪ್ಪಿದರೂ ಗೇರ್‌ಬಾಕ್ಸೇ ಕೆಡುವ ಸಂಭವವುಂಟು. ಅದರ ದುರಸ್ತಿಯ ವೆಚ್ಚದ ಮುಂದೆ ಉಳಿಸಿದ ಕೂಲಿ ಅತ್ಯಲ್ಪ.

ಅಳತೆಕಡ್ಡಿಯುಳ್ಳ ಗಾಡಿಯಾದರೆ ಕೈಕೆಲಸ ಬಲ್ಲವರು ತಾವೇ ಮಾಡಬಹುದು. ಆದರೆ ಜಾಕಿಯೊಂದನ್ನೇ ನಂಬಿ ಗಾಡಿಯ ಅಡಿಗೆ ಹೋಗಕೂಡದು, ಪ್ರಾಣಾಪಾಯವುಂಟು. ಸಮನೆಲದಲ್ಲಿ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸತಕ್ಕದ್ದು. ಇಳಿದಷ್ಟನ್ನೇ ಅಳೆದು ಹೊಯ್ದು, ಬಳಿಕ ಕಡ್ಡಿಯಿಂದ ಮಟ್ಟವನ್ನು ನೋಡಬೇಕು. ಕನ್ವರ್ಟರಿನೊಳಗಿನ ಎಣ್ಣೆ ಒಮ್ಮೆಗೇ ಇಳಿಯದಾದುದರಿಂದ ಹಳೆಯದು ಬಹುಪಾಲು ಉಳಿದರೆ ಆಶ್ಚರ್ಯಪಡಬೇಕಾದುದಿಲ್ಲ. ಇಳಿಸಿದುದನ್ನು ಚರಂಡಿಗೆ ಚೆಲ್ಲಬಾರದು.

ಕಡ್ಡಿಯಿಲ್ಲದ ಗಾಡಿಗಳ ಮಾತು ಬೇರೆ. ಅವುಗಳಲ್ಲಿ ಎಣ್ಣೆಯನ್ನು ತಯಾರಕರು ಗೊತ್ತುಮಾಡಿದ ಶಾಖಕ್ಕೆ, ಹಲವು ಗಾಡಿಗಳಲ್ಲಿ ಸುಮಾರು 40 ಡಿಗ್ರಿ ಸೆಂಟಿಗ್ರೇಡಿಗೆ, ತಂದು, ಎಂಜಿನ್ನು ಓಡುತ್ತಿರುವಾಗಲೇ ಅಡಿಯಿಂದ ಮಟ್ಟವನ್ನು ನೋಡಬೇಕಾಗುವುದು. ಇದನ್ನು ಕುಶಲರಿಗೇ ಬಿಡುವುದು ಲೇಸೆಂದು ನಮ್ಮ ಅಭಿಪ್ರಾಯ. ಆಗಲೂ ಕೈಪಿಡಿಯನ್ನು ಓದಿ, ಅದರಲ್ಲಿ ಹೇಳಿದ ಜಾತಿಯ ಎಣ್ಣೆಯನ್ನೇ ಹಾಕಿದರೇ ಎಂದು ಕೇಳಿ ತಿಳಿಯುವುದು ಗಾಡಿಯ ಒಡೆಯರ ಕರ್ತವ್ಯವು.