ಪ್ರತಿನಿಧಿಯ ಹೊಣೆ

ಇಸ್ಲಾಮಿನ ದೇವನು ಕೇವಲ ದಂಡಧರನೆಂಬ ಕಲ್ಪನೆ ನಮ್ಮಲ್ಲಿ ಹಲವರಿಗುಂಟು. ಆದರೆ ಕುರಾನಿನ 114 ಅಧ್ಯಾಯಗಳಲ್ಲಿ ಒಂಬತ್ತನೆಯದನ್ನುಳಿದು ಮಿಕ್ಕ 113 ಅಧ್ಯಾಯಗಳಿಗೂ ಪರಮ ದಯಾಮಯನ ನಾಮಸ್ಮರಣೆಯೇ ಶಿರೋಲೇಖ. ಎರಡನೆಯ ಅಧ್ಯಾಯದಲ್ಲಿ, ಆದಮನ ಸೃಷ್ಟಿಪ್ರಸಂಗದಲ್ಲಿ, ಮನುಷ್ಯನಿಗೆ ‘ಖಲೀಫಾ’ ಎಂಬ ಪದವಿ ಸಲ್ಲುತ್ತದೆ. ಭೂಮಿಯ ಮೇಲೆ ದೇವನ ಪ್ರತಿನಿಧಿ ಎಂದು ಅನೇಕ ವ್ಯಾಖ್ಯಾನಕಾರರು ಅದನ್ನು ಅರ್ಥೈಸಿದ್ದಾರೆ. ಪ್ರತಿನಿಧಿಯು ಒಡೆಯನಲ್ಲ, ನೆಲ, ಜಲ, ಜೀವಗಳು ಅವನ ವಶದಲ್ಲಿರುವ ನ್ಯಾಸ ಮಾತ್ರ. ಒಡೆಯನ ದಯೆಯನ್ನು ತೋರದವನು ಆತನ ಪ್ರತಿನಿಧಿಯಾಗುವುದೆಂತು? ದೇವನ ಹೆಸರಿನಲ್ಲಿ ಕತ್ತಿಯೆತ್ತುವವನೂ, ಆ ಕತ್ತಿಯನ್ನೇ ಇಸ್ಲಾಮಿನ ಸಾರವೆಂದು ಬಗೆಯುವ ಅನ್ಯಧರ್ಮೀಯನೂ ಈ ಮಾತನ್ನು ಮರೆತವರೇ. ಜನಾಂಗಗಳು ಬೇರೆಬೇರೆಯಾದುದು ಪರಸ್ಪರ ಪರಿಚಯಕ್ಕಾಗಿ ಎಂಬುದು 49ನೆಯ ಅಧ್ಯಾಯದ ಬೋಧೆ. ಆ ಪರಿಚಯವು ಉಭಯರೂ ಇನ್ನೂ ತೀರಿಸಬೇಕಾದ ಋಣ.